ಫೈಟರ್ ಮೀನಿಗೆ ಬೌಲ್ ಸಾಕಾ? ಗದ್ದೆಯ ನೀರಿನಂಥ ಮನೆ ಕಟ್ಟುವ ಬಗೆ

ಫೈಟರ್ ಮೀನಿನ ಬಗ್ಗೆ ಓದುಗರು ಕೇಳುವ ಪ್ರಶ್ನೆ ಸುತ್ತಿ ಬಳಸಿ ಒಂದೇ. ‘ಇದಕ್ಕೆ ಸಣ್ಣ ಬೌಲ್ ಸಾಕಲ್ವಾ? ಅಂಗಡಿಯಲ್ಲಿ ಒಂದು ಲೋಟ ನೀರಲ್ಲೇ ಇಟ್ಟಿದ್ದರಲ್ಲ?’ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ‘ತಂದು ತಿಂಗಳೂ ಆಗಿಲ್ಲ, ಸತ್ತುಹೋಯಿತು. ದಿನಾ ನೀರು ಬದಲಾಯಿಸುತ್ತಿದ್ದೆ. ಎಲ್ಲಿ ತಪ್ಪಾಯಿತು?’

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಈ ಮೀನಿನ ಮೂಲ ನೆಲೆ ಎಂಥದ್ದು ಅಂತ ತಿಳಿದರೆ ಸಾಕು. ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಫಿಲ್ಟರ್ ಬೇಕಾ, ಏನು ತಿನ್ನಿಸಬೇಕು ಎಲ್ಲ ತಾನಾಗೇ ಅರ್ಥವಾಗುತ್ತದೆ. ಹಾಗಾಗಿ ಮೊದಲು ಅದರ ಊರು, ಆಮೇಲೆ ಮನೆ.

ಅದರ ಊರು ಎಂಥದ್ದು?

ಫೈಟರ್, ಬೆಟ್ಟಾ, ಸಯಾಮಿನ ಕಾಳಗದ ಮೀನು, ಈ ಮೂರೂ ಒಂದೇ. ವಿಜ್ಞಾನಿಗಳು ಕರೆಯುವ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. 1910ರಲ್ಲಿ ಈ ಹೆಸರಿಟ್ಟವರು ಚಾರ್ಲ್ಸ್ ಟೇಟ್ ರೀಗನ್ ಎಂಬ ಬ್ರಿಟಿಷ್ ಮೀನುತಜ್ಞ. ಥಾಯ್ಲೆಂಡಿನಲ್ಲಿ ಇದಕ್ಕೆ ‘ಪ್ಲಾ ಕಟ್’ ಅನ್ನುತ್ತಾರೆ, ಅಂದರೆ ಕಚ್ಚುವ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು.

ಥಾಯ್ಲೆಂಡಿನ ನಡುಭಾಗದಲ್ಲಿ ಚಾವೊ ಫ್ರಾಯಾ ನದಿ ಹರಿಯುವ ದೊಡ್ಡ ಬಯಲಿದೆ. ಭತ್ತದ ಗದ್ದೆ, ಜೌಗು, ಕಾಲುವೆ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು, ಇವೇ ಫೈಟರ್ ಮೀನಿನ ನೆಲೆ. ನೀರು ಹೆಚ್ಚು ಆಳ ಇರುವುದಿಲ್ಲ, ಹರಿಯುವುದೂ ಕಡಿಮೆ. ತುಂಬಾ ಹುಲ್ಲು, ಪಾಚಿ, ಕೊಳೆತ ಎಲೆ. ಎಲೆಯ ಕಷಾಯ ಇಳಿದು ನೀರು ತೆಳುವಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಿಗೆ ಬೆಚ್ಚಗಿರುತ್ತದೆ.

ಬೆಚ್ಚಗಿನ, ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಈ ಮೀನಿಗೆ ಕಿವಿರಿನ ಮೇಲ್ಭಾಗದಲ್ಲಿ ಇನ್ನೊಂದು ಉಸಿರಾಟದ ಅಂಗ ಇದೆ. ಸುರುಳಿ ಸುರುಳಿಯಾಗಿ ಮಡಿಚಿಕೊಂಡ ಈ ಅಂಗವನ್ನು ಲ್ಯಾಬಿರಿಂತ್ ಅನ್ನುತ್ತಾರೆ. ಟ್ಯಾಂಕಿನ ಮುಂದೆ ಐದು ನಿಮಿಷ ಸುಮ್ಮನೆ ಕೂತರೆ ಇದು ಕೆಲಸ ಮಾಡುವುದು ಕಾಣುತ್ತದೆ. ಮೀನು ಓರೆಯಾಗಿ ಮೇಲೇರುತ್ತದೆ, ನೀರಿನ ಹೊದಿಕೆಗೆ ಬಾಯಿ ಮುಟ್ಟಿಸಿ ‘ಗುಳಕ್’ ಅಂತ ಗಾಳಿ ನುಂಗುತ್ತದೆ, ಮತ್ತೆ ಇಳಿಯುತ್ತದೆ. ಇಳಿಯುವಾಗ ಕಿವಿರಿನ ಪಕ್ಕದಿಂದ ಒಂದೆರಡು ಸಣ್ಣ ಗುಳ್ಳೆ ಜಾರಿ ಮೇಲೆ ಹೋಗುತ್ತವೆ.

ಬೌಲ್‌ನ ಕಥೆ ಹುಟ್ಟಿದ್ದು ಇಲ್ಲಿಂದಲೇ. ಗಾಳಿ ಉಸಿರಾಡುತ್ತದೆ, ಹಾಗಾಗಿ ಎಷ್ಟು ಸಣ್ಣ ನೀರಾದರೂ ಸರಿ ಅಂದುಕೊಂಡರು. ಬೇಸಿಗೆಯಲ್ಲಿ ಗದ್ದೆ ಒಣಗಿ ಮೀನುಗಳು ಸಣ್ಣ ಗುಂಡಿಗಳಲ್ಲಿ ಸಿಕ್ಕಿಕೊಳ್ಳುವುದೂ ನಿಜ. ಆದರೆ ಅದು ಮಳೆ ಬರುವವರೆಗೆ ಜೀವ ಹಿಡಿದುಕೊಂಡಿರುವ ಸ್ಥಿತಿ. ಮಳೆ ಬಂದ ಕೂಡಲೇ ಮೀನು ಗದ್ದೆಗೆ ಹೊರಟುಹೋಗುತ್ತದೆ. ಬೌಲ್‌ನಲ್ಲಿರುವ ಮೀನಿಗೆ ಆ ಮಳೆ ಬರುವುದೇ ಇಲ್ಲ.

ಇನ್ನೊಂದು ಮಾತು. ಗದ್ದೆಯ ನೀರು ಆಳ ಇಲ್ಲದಿದ್ದರೂ ವಿಸ್ತಾರ ಇದೆ. ನಿಂತಿದ್ದರೂ ಗಿಡ ಮತ್ತು ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಸದಾ ಶುದ್ಧ ಮಾಡುತ್ತಿರುತ್ತವೆ. ಬೌಲ್‌ನಲ್ಲಿ ವಿಸ್ತಾರವೂ ಇಲ್ಲ, ಶುದ್ಧ ಮಾಡುವವರೂ ಇಲ್ಲ. ಕೆಳಗಿನ ಎಲ್ಲ ಹಂತಗಳೂ ಈ ಎರಡು ಕೊರತೆಗಳನ್ನು ತುಂಬುವುದಕ್ಕೇ ಇರುವುದು.

ಬೇಕಾಗುವ ಸಾಮಾನು: ಮುಚ್ಚಳ ಇರುವ ಟ್ಯಾಂಕ್, ಸ್ಪಂಜ್ ಫಿಲ್ಟರ್, ಏರ್ ಪಂಪ್, ಹೀಟರ್, ಥರ್ಮಾಮೀಟರ್, ಡಿಕ್ಲೋರಿನೇಟರ್, ನೀರಿನ ಟೆಸ್ಟ್ ಕಿಟ್, ಒಂದಿಷ್ಟು ಗಿಡ. ಮೀನು ಈ ಪಟ್ಟಿಯಲ್ಲಿ ಇಲ್ಲ. ಅದನ್ನು ತರುವುದು ಕಡೆಗೆ.

ಹಂತ 1: ಟ್ಯಾಂಕ್

20 ಲೀಟರ್ ಇರಲಿ. ಜಾಗ ಇಲ್ಲವೇ ಇಲ್ಲ ಅಂದರೆ 10 ಲೀಟರ್, ಅದಕ್ಕಿಂತ ಕೆಳಗೆ ಹೋಗಬೇಡಿ. ಎತ್ತರದ ಟ್ಯಾಂಕಿಗಿಂತ ಉದ್ದನೆಯದು ಒಳ್ಳೆಯದು. ಉದ್ದ ಬಾಲದ ಮೀನು ಪ್ರತಿ ಸಲ ಗಾಳಿಗಾಗಿ ಅಷ್ಟು ದೂರ ಮೇಲೇರಬೇಕಲ್ವಾ, ಸುಸ್ತಾಗುತ್ತದೆ.

ಮುಚ್ಚಳ ಬೇಕೇ ಬೇಕು. ಫೈಟರ್ ಚೆನ್ನಾಗಿ ಜಿಗಿಯುತ್ತದೆ. ನೀರು ಮತ್ತು ಮುಚ್ಚಳದ ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಖಾಲಿ ಬಿಡಿ. ಅಲ್ಲಿ ನಿಲ್ಲುವ ಬೆಚ್ಚಗಿನ, ಹಸಿ ಗಾಳಿಯನ್ನೇ ಅದು ನುಂಗುವುದು.

ಟ್ಯಾಂಕನ್ನು ಗಟ್ಟಿ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಿ. ತಳಕ್ಕೆ ತೊಳೆದ ಮರಳು ಅಥವಾ ಚೂಪಿಲ್ಲದ ಸಣ್ಣ ಜಲ್ಲಿ ಸಾಕು.

ಹಂತ 2: ನೀರು

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೆಲವು ಕಡೆ ಕ್ಲೋರಮೈನ್ ಹಾಕುತ್ತಾರೆ, ಅಂದರೆ ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ವಸ್ತು. ಎರಡೂ ಮೀನಿನ ಕಿವಿರನ್ನು ಸುಡುತ್ತವೆ. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಅನ್ನುವುದು ಸರಿ. ಆದರೆ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಆದ್ದರಿಂದ ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ದ್ರವ) ಬಳಸುವುದೇ ಭದ್ರ. ಬಾಟಲಿ ಮೇಲೆ ಬರೆದ ಅಳತೆಯಷ್ಟೇ ಹಾಕಿ.

ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ. ಫೈಟರ್‌ಗೆ 6.5ರಿಂದ 7.5 ಚೆನ್ನ. ನಿಮ್ಮ ನೀರು ಇದಕ್ಕಿಂತ ಸ್ವಲ್ಪ ಮೇಲಿದ್ದರೂ ಅದು ಹೊಂದಿಕೊಳ್ಳುತ್ತದೆ. ಪಿಎಚ್ ಇಳಿಸುವ ಔಷಧಿ ಹಾಕಿ ಇವತ್ತು 6.5, ನಾಳೆ 8 ಮಾಡಿದರೆ ಮಾತ್ರ ಹೊಂದಿಕೊಳ್ಳಲಾರದು. ಅಂಕಿಗಿಂತ ಸ್ಥಿರತೆ ಮುಖ್ಯ.

ಹಂತ 3: ಫಿಲ್ಟರ್ ಮತ್ತು ಹೀಟರ್

ಗದ್ದೆಯಲ್ಲಿ ಬೆಳೆದ ಮೀನಿಗೆ ರಭಸದ ನೀರು ಆಗುವುದಿಲ್ಲ. ಉದ್ದ ರೆಕ್ಕೆಯ ಫೈಟರ್ ಅಂತೂ ಗಾಳಿಗೆ ಸಿಕ್ಕ ಸೀರೆಯ ಸೆರಗಿನಂತೆ ಎಳೆದಾಡಿಹೋಗುತ್ತದೆ. ಹಾಗಂತ ಫಿಲ್ಟರೇ ಬೇಡ ಅನ್ನಬೇಡಿ. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ತನ್ನಿ. ಗುಳ್ಳೆ ಜಾಸ್ತಿ ಬಂದರೆ ಪೈಪಿಗೆ ಸಣ್ಣ ವಾಲ್ವ್ ಹಾಕಿ ಕಡಿಮೆ ಮಾಡಬಹುದು. ಕರೆಂಟ್ ಹೋದಾಗ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗದಂತೆ ಚೆಕ್ ವಾಲ್ವ್ ಕೂಡ ಹಾಕಿ. ಒಂದು ಬೆರಳಷ್ಟಿರುವ ವಸ್ತು, ಆದರೆ ಮರೆಯಬೇಡಿ.

ಬಿಸಿ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. 20 ಲೀಟರಿಗೆ 25ರಿಂದ 50 ವ್ಯಾಟಿನ, ತಾನೇ ಆನ್ ಆಫ್ ಆಗುವ ಹೀಟರ್ ಸಾಕು. ವರ್ಷವಿಡೀ ನೀರು ಇದೇ ಬಿಸಿಯಲ್ಲಿ ಇರುವ ಜಾಗದಲ್ಲಿದ್ದರೆ ಹೀಟರ್ ಬೇಡ. ಆದರೆ ಇದನ್ನು ಊಹೆಯಿಂದ ತೀರ್ಮಾನಿಸಬೇಡಿ. ಥರ್ಮಾಮೀಟರ್ ಇಟ್ಟು ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿ. ಮೂರು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹೀಟರ್ ಹಾಕಿ. ತಣ್ಣೀರಿನಲ್ಲಿ ಫೈಟರ್ ಮೂಲೆ ಹಿಡಿದು ಕೂರುತ್ತದೆ, ತಿನ್ನುವುದು ಕಡಿಮೆ ಮಾಡುತ್ತದೆ, ರೋಗಕ್ಕೆ ಬೇಗ ಸಿಕ್ಕಿಬೀಳುತ್ತದೆ.

ಎಚ್ಚರಿಕೆ: ಟ್ಯಾಂಕಿಗೆ ಕೈ ಹಾಕುವ ಮೊದಲು ಹೀಟರ್ ಪ್ಲಗ್ ಕಿತ್ತುಬಿಡಿ. ನೀರು ತೆಗೆಯುವಾಗ ಉರಿಯುತ್ತಿರುವ ಹೀಟರ್ ಹೊರಗೆ ಕಂಡರೆ ಗಾಜು ಒಡೆಯುತ್ತದೆ.

ಹಂತ 4: ಗಿಡ ಮತ್ತು ಎಲೆ

ನನಗೆ ತುಂಬಾ ಇಷ್ಟದ ಹಂತ ಇದು. ಮೀನಿಗೆ ಅಡಗಲು, ಒರಗಿ ಮಲಗಲು, ತನ್ನ ಗಡಿ ಗುರುತಿಸಿಕೊಳ್ಳಲು ಗಿಡ ಬೇಕು.

ಜಾವಾ ಫರ್ನ್ ಮತ್ತು ಅನುಬಿಯಾಸ್ ಹೊಸಬರಿಗೆ ಹೇಳಿ ಮಾಡಿಸಿದ ಗಿಡಗಳು, ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಇವುಗಳ ಗೆಡ್ಡೆಯಂಥ ದಪ್ಪ ಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆತುಹೋಗುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿಬಿಡಿ. ಅನುಬಿಯಾಸ್‌ನ ಅಗಲ ಎಲೆ ನೀರಿನ ಮೇಲ್ಭಾಗಕ್ಕೆ ಹತ್ತಿರ ಬರುವಂತೆ ಇಟ್ಟರೆ ಮೀನು ಅದರ ಮೇಲೆ ಹಾಸಿಗೆಯಂತೆ ಒರಗಿಕೊಳ್ಳುತ್ತದೆ. ಮೊದಲ ಸಲ ನೋಡಿದವರು ಸತ್ತೇಹೋಯಿತು ಅಂತ ಗಾಬರಿಯಾಗುತ್ತಾರೆ, ಅದು ನಿದ್ದೆ ಅಷ್ಟೇ.

ತೇಲುವ ಗಿಡ ಒಂದಾದರೂ ಇರಲಿ. ಅಂತರಗಂಗೆ ಆಗಬಹುದು, ಸಾಲ್ವಿನಿಯಾ ಆಗಬಹುದು. ಇವು ನೆರಳು ಕೊಡುತ್ತವೆ, ನೀರಿನ ಕೊಳೆಯನ್ನು ಗೊಬ್ಬರದಂತೆ ಹೀರಿಕೊಳ್ಳುತ್ತವೆ. ಆದರೆ ಮೇಲ್ಮೈಯ ಮೂರನೇ ಒಂದು ಭಾಗವಾದರೂ ಖಾಲಿ ಇರಬೇಕು, ಇಲ್ಲದಿದ್ದರೆ ಮೀನಿಗೆ ಉಸಿರಾಡಲು ಜಾಗ ಎಲ್ಲಿ? ಹೆಚ್ಚಾದ ಗಿಡವನ್ನು ಒಣಗಿಸಿ ಎಸೆಯಿರಿ. ಕೆರೆ, ಕಾಲುವೆಗೆ ಹಾಕಿದರೆ ನೀರೆಲ್ಲ ಮುಚ್ಚಿಕೊಂಡು ಅಲ್ಲಿನ ಜೀವಿಗಳನ್ನು ಉಸಿರುಗಟ್ಟಿಸುತ್ತವೆ.

ಪ್ಲಾಸ್ಟಿಕ್ ಗಿಡ ಹಾಕುವವರು ಒಂದು ಪರೀಕ್ಷೆ ಮಾಡಿ. ತೆಳ್ಳಗಿನ ನೈಲಾನ್ ಬಟ್ಟೆಯ ತುಂಡನ್ನು ಅದರ ಮೇಲೆ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಮೀನಿನ ರೆಕ್ಕೆಯೂ ಅಲ್ಲೇ ಹರಿಯುತ್ತದೆ. ಕಲ್ಲು, ಗೊಂಬೆ, ಮಡಕೆ ಚೂರು ಎಲ್ಲದಕ್ಕೂ ಈ ಪರೀಕ್ಷೆ ನಡೆಯುತ್ತದೆ.

ಇನ್ನು ಎಲೆ. ಕಾಡು ಬಾದಾಮಿ ಮರದ ಎಲೆ ಕೆಂಪಾಗಿ, ತಾನಾಗೇ ಉದುರಿ ಒಣಗಿದ್ದು ಸಿಕ್ಕರೆ ತನ್ನಿ. ರಸ್ತೆ ಹೊಗೆ, ಕೀಟನಾಶಕ ತಾಗದ ಕಡೆಯದ್ದಾಗಿರಲಿ. ಚೆನ್ನಾಗಿ ತೊಳೆದು 20 ಲೀಟರಿಗೆ ಒಂದು ಎಲೆ ಹಾಕಿ. ಮೊದಲು ತೇಲುತ್ತದೆ, ನೆನೆದ ಮೇಲೆ ತಳಕ್ಕೆ ಕೂರುತ್ತದೆ. ನಿಧಾನವಾಗಿ ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆಯಲ್ಲ, ಎಲೆ ಬಿಟ್ಟ ಟ್ಯಾನಿನ್ (ಚಹಾದಲ್ಲಿ ಇರುವ ಒಗರು ಅಂಶ). ಚಾವೊ ಫ್ರಾಯಾ ಬಯಲಿನ ಎಲೆ ತುಂಬಿದ ನೀರಿಗೆ ಇದು ಹತ್ತಿರ. ಇದನ್ನು ಎಲ್ಲ ರೋಗಕ್ಕೂ ಮದ್ದು ಅಂತ ಹೇಳುವವರಿದ್ದಾರೆ, ನಂಬಬೇಡಿ. ಕೆಟ್ಟ ನೀರನ್ನು ಯಾವ ಎಲೆಯೂ ಸರಿ ಮಾಡುವುದಿಲ್ಲ.

ಹಂತ 5: ಟ್ಯಾಂಕನ್ನು ಹದಕ್ಕೆ ತರುವುದು

ಹೆಚ್ಚಿನ ಮೀನು ಸಾಯುವುದು ಈ ಹಂತ ಬಿಟ್ಟದ್ದರಿಂದ. ದಯವಿಟ್ಟು ನಿಧಾನವಾಗಿ ಓದಿ.

ಮೀನಿನ ಹಿಕ್ಕೆ, ಉಳಿದ ಆಹಾರ, ಕಿವಿರಿನಿಂದ ಹೊರಬರುವ ತ್ಯಾಜ್ಯ, ಇವೆಲ್ಲದರಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಗಾಜಿನಂತೆ ತಿಳಿಯಾಗಿರುವ ನೀರಿನಲ್ಲೂ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದ್ದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ಸ್ವಲ್ಪ ಗಿಡ ಹೀರುತ್ತದೆ, ಉಳಿದದ್ದು ವಾರದ ನೀರಿನ ಬದಲಾವಣೆಯಲ್ಲಿ ಹೋಗುತ್ತದೆ.

ಗದ್ದೆಯ ಕೆಸರಿನಲ್ಲಿ ಈ ಬ್ಯಾಕ್ಟೀರಿಯಾ ತುಂಬಿರುತ್ತವೆ. ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ, ನಾವೇ ಬೆಳೆಸಬೇಕು. ಇದನ್ನೇ ಸೈಕ್ಲಿಂಗ್ ಅನ್ನುವುದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಕಾಯದೆ ಆಗುವ ಕೆಲಸವಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಮಾಡುವ ಬಗೆ ಹೀಗೆ. ನೀರು, ಗಿಡ, ಫಿಲ್ಟರ್, ಹೀಟರ್ ಎಲ್ಲ ಹಾಕಿ ಚಾಲೂ ಮಾಡಿ. ಮೀನಿಲ್ಲದಿದ್ದರೂ ದಿನಾ ಒಂದು ಸಣ್ಣ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದೇ ಬ್ಯಾಕ್ಟೀರಿಯಾಕ್ಕೆ ಊಟ. ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ನೋಡಿ ಬರೆದಿಡಿ. ಮೊದಲು ಅಮೋನಿಯಾ ಏರುತ್ತದೆ. ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ. ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ನೀವು ಆಹಾರ ಹಾಕುತ್ತಲೇ ಇದ್ದರೂ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲೇ ನಿಂತರೆ ಟ್ಯಾಂಕ್ ಹದಕ್ಕೆ ಬಂದಿದೆ. ಈಗಾಗಲೇ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ಟ್ಯಾಂಕಿನಿಂದ ಒಂದು ತುಂಡು ಹಳೆಯ ಸ್ಪಂಜ್ ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ದಿನಾ ನೀರು ಬದಲಾಯಿಸಿದರೂ ಮೀನು ಯಾಕೆ ಸತ್ತಿತು? ಬೌಲ್‌ನಲ್ಲಿ ಬ್ಯಾಕ್ಟೀರಿಯಾ ನೆಲೆ ಕಟ್ಟಲು ಫಿಲ್ಟರ್ ಇಲ್ಲ. ಗಾಜು, ಕಲ್ಲಿನ ಮೇಲೆ ಅಂಟಿದ್ದ ಅಷ್ಟಿಷ್ಟೂ ತಿಕ್ಕಿ ತೊಳೆದಾಗ ಹೋಯಿತು. ಮೇಲಿಂದ ಪ್ರತಿ ಸಲ ಹೊಸ ನೀರಿನ ಬಿಸಿ ಬೇರೆ, ಪಿಎಚ್ ಬೇರೆ, ಕ್ಲೋರಿನ್ ಬೇರೆ. ನೀವು ಅಕ್ಕರೆಯಿಂದಲೇ ಮಾಡಿದ್ದೀರಿ. ಆದರೆ ಮೀನಿನ ಪಾಲಿಗೆ ದಿನಾ ಊರು ಬದಲಾಯಿಸಿದ ಹಾಗಾಯಿತು.

ಮೀನು ಈಗಾಗಲೇ ಬೌಲ್‌ನಲ್ಲಿ ಇದ್ದರೆ ಆರು ವಾರ ಕಾಯಬೇಡಿ. ಇವತ್ತೇ ದೊಡ್ಡ ಟ್ಯಾಂಕಿಗೆ ಸಾಗಿಸಿ. ದಿನಾ ಟೆಸ್ಟ್ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ 0.25 ಪಿಪಿಎಂ ಮುಟ್ಟಿದ ದಿನ (ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಕಾಲು ಭಾಗದಿಂದ ಅರ್ಧದಷ್ಟು ನೀರು ಬದಲಾಯಿಸಿ. ಆಹಾರ ಕಡಿಮೆ ಹಾಕಿ, ಗಿಡ ಜಾಸ್ತಿ ಇಡಿ. ಶ್ರಮ ಜಾಸ್ತಿ, ಆದರೆ ಮೀನು ಉಳಿಯುತ್ತದೆ.

ಹಂತ 6: ಮೀನು ತರುವುದು, ಬಿಡುವುದು

ಬಣ್ಣಕ್ಕಿಂತ ಮೊದಲು ನಡವಳಿಕೆ ನೋಡಿ. ನೀವು ಹತ್ತಿರ ಹೋದಾಗ ತಿರುಗಿ ನೋಡಬೇಕು. ರೆಕ್ಕೆ ಮೈಗೆ ಅಂಟಿಕೊಂಡಿರಬಾರದು. ಬಿಳಿ ಚುಕ್ಕೆ, ಹತ್ತಿಯಂಥ ಬೂಸ್ಟು, ಊದಿದ ಕಣ್ಣು ಇರಬಾರದು. ಕಾಡಿನ ಫೈಟರ್ ಕಂದು ಹಸಿರಿನ, ಗಿಡ್ಡ ರೆಕ್ಕೆಯ ಮೀನು. ಈ ದೊಡ್ಡ ಬಾಲ, ಕಡು ಬಣ್ಣ ಎಲ್ಲ ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಮೊದಲ ಸಲ ಸಾಕುವವರಿಗೆ ಗಿಡ್ಡ ರೆಕ್ಕೆಯ ‘ಪ್ಲಾಕಟ್’ ಬಗೆಯನ್ನೇ ಹೇಳುತ್ತೇನೆ. ಚುರುಕಾಗಿ ಈಜುತ್ತದೆ, ರೆಕ್ಕೆ ಹರಿಯುವುದು, ಕೊಳೆಯುವುದು ಕಡಿಮೆ.

ಮನೆಗೆ ತಂದ ಮೇಲೆ ದೀಪ ಆರಿಸಿ. ಚೀಲವನ್ನು 15-20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಚೀಲ ಬಿಚ್ಚಿ ಐದು ನಿಮಿಷಕ್ಕೊಮ್ಮೆ ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಅರ್ಧ ಗಂಟೆ ಹೀಗೆ ಮಾಡಿ. ಕೊನೆಗೆ ಮೀನನ್ನು ಸಣ್ಣ ಬಟ್ಟಲಿನಲ್ಲಿ ಎತ್ತಿ ಬಿಡಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಮೊದಲ ದಿನ ತಿನ್ನದಿದ್ದರೆ ಚಿಂತೆ ಬೇಡ.

ಹಂತ 7: ಊಟ

ಹೂದಾನಿಯಲ್ಲಿ ಗಿಡ ನೆಟ್ಟು ಕೆಳಗೆ ಫೈಟರ್ ಬಿಟ್ಟು ‘ಬೇರು ತಿಂದು ಬದುಕುತ್ತದೆ’ ಅಂತ ಮಾರುವುದುಂಟು. ಅದು ಸುಳ್ಳು. ಫೈಟರ್ ಮಾಂಸಾಹಾರಿ. ಗದ್ದೆಯಲ್ಲಿ ಅದು ತಿನ್ನುವುದು ಸೊಳ್ಳೆ ಮರಿ, ಹುಳು, ನೀರಿನ ಸಣ್ಣ ಕೀಟ. ಬಾಯಿ ಮೇಲ್ಮುಖವಾಗಿರುವುದೂ ನೀರಿನ ಮೇಲ್ಮೈಯಿಂದ ಬೇಟೆ ಹಿಡಿಯುವುದಕ್ಕೇ.

ಪೊಟ್ಟಣದ ಮೇಲೆ ಮೊದಲ ಪದಾರ್ಥ ಮೀನು, ಸಿಗಡಿ ಅಥವಾ ಹುಳು ಅಂತ ಇರುವ ಸಣ್ಣ ಕಾಳು ಆರಿಸಿ. ಹೊತ್ತಿಗೆ ಎರಡು ಮೂರು ಕಾಳು, ದಿನಕ್ಕೆ ಎರಡು ಹೊತ್ತು ಸಾಕು. ಮೀನಿನ ಕಣ್ಣಿನ ಗಾತ್ರದಷ್ಟು ಒಂದು ಊಟ ಅಂತ ಲೆಕ್ಕ ಇಟ್ಟುಕೊಳ್ಳಿ. ವಾರದಲ್ಲಿ ಒಂದೆರಡು ಸಲ ಫ್ರೀಜ್ ಮಾಡಿದ ಬ್ಲಡ್‌ವರ್ಮ್ (ಕೆಂಪು ಹುಳು) ಅಥವಾ ಡ್ಯಾಫ್ನಿಯಾ (ನೀರಿನಲ್ಲಿರುವ ಬಲು ಸಣ್ಣ ಜೀವಿ) ಕರಗಿಸಿ ಕೊಡಿ, ಒಂದು ದಿನ ಉಪವಾಸ ಇರಲಿ. ನಿಮ್ಮನ್ನು ಕಂಡಾಗಲೆಲ್ಲ ಗಾಜಿಗೆ ಬಂದು ಕುಣಿಯುತ್ತದೆ, ಅದಕ್ಕೆ ಕರಗಿ ಇನ್ನೊಂದು ಕಾಳು ಹಾಕಬೇಡಿ. ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ.

ಹಂತ 8: ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಅದೇ ಬಿಸಿಯ, ಕ್ಲೋರಿನ್ ತೆಗೆದ ನೀರು ನಿಧಾನವಾಗಿ ತುಂಬಿ. ಇಷ್ಟೇ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಸೋಪು ಹಾಕಿ ತೊಳೆಯುವ ಕೆಲಸ ಯಾವತ್ತೂ ಬೇಡ.

ಸ್ಪಂಜು ಕಟ್ಟಿಕೊಂಡರೆ ತೆಗೆದ ಹಳೆ ನೀರಿನಲ್ಲೇ ಎರಡು ಸಲ ಹಿಂಡಿ ಮತ್ತೆ ಹಾಕಿ. ಮೊದಮೊದಲು ನಾನು ಅದನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗೆ ತೊಳೆದಿದ್ದೆ. ವಾರದೊಳಗೆ ಅಮೋನಿಯಾ ಮತ್ತೆ ಏರಿ, ಸೈಕ್ಲಿಂಗ್ ಮೊದಲಿನಿಂದ ಶುರು ಮಾಡಬೇಕಾಯಿತು.

ಪದೇ ಪದೇ ಕೇಳುವ ಇನ್ನಷ್ಟು

ಜೋಡಿ ಹಾಕಬಹುದಾ? ಎರಡು ಗಂಡು ಯಾವತ್ತೂ ಬೇಡ. ಗದ್ದೆಯಲ್ಲಿ ಸೋತ ಮೀನು ಓಡಿಹೋಗಬಹುದು, ಟ್ಯಾಂಕಿನಲ್ಲಿ ಓಡುವುದೆಲ್ಲಿಗೆ? ಗಂಡು ಹೆಣ್ಣನ್ನೂ ಒಟ್ಟಿಗೆ ಇಡಬೇಡಿ, ಮೊಟ್ಟೆ ಇಟ್ಟ ಮೇಲೆ ಗಂಡು ಅವಳನ್ನು ಅಟ್ಟಿಸಿಕೊಂಡು ಹೋಗಿ ಗಾಯ ಮಾಡುತ್ತದೆ. ಒಂಟಿಯಾಗಿರುವುದು ಈ ಮೀನಿಗೆ ಬೇಸರದ ವಿಷಯವಲ್ಲ. ಜೊತೆ ಬೇಕೇ ಬೇಕು ಅಂದರೆ ಒಂದು ಬಸವನಹುಳು ಬಿಡಿ.

ನೀರಿನ ಮೇಲೆ ನೊರೆ ಬಂದಿದೆ, ಏನದು? ಬಾಯಿಂದ ಒಂದೊಂದೇ ಗುಳ್ಳೆ ಬಿಟ್ಟು ಗಂಡು ಕಟ್ಟುವ ಗೂಡು ಅದು. ಮೊಟ್ಟೆಗಳನ್ನು ಬಾಯಲ್ಲಿ ಎತ್ತಿ ತಂದು ಗುಳ್ಳೆಗಳ ನಡುವೆ ಇಟ್ಟು ಕಾಯುವವನೂ ಅವನೇ. ಹೆಣ್ಣಿಲ್ಲದಿದ್ದರೂ ಗೂಡು ಕಟ್ಟುತ್ತಾನೆ. ಕಟ್ಟದಿದ್ದರೆ ಕಾಯಿಲೆ ಅಂತಲ್ಲ.

ಮಂಕಾಗಿದೆ, ಯಾವ ಔಷಧಿ ಹಾಕಲಿ? ಮೊದಲು ಟೆಸ್ಟ್ ಕಿಟ್ ಮತ್ತು ಥರ್ಮಾಮೀಟರ್. ರೆಕ್ಕೆಯ ಅಂಚು ಕಪ್ಪಾಗಿ ಸವೆಯುತ್ತಿದ್ದರೆ ಹೆಚ್ಚಾಗಿ ನೀರೇ ಕಾರಣ. ಶುದ್ಧ, ಬೆಚ್ಚಗಿನ ನೀರಿನಲ್ಲಿ ರೆಕ್ಕೆ ಮತ್ತೆ ಬೆಳೆಯುತ್ತದೆ, ಹೊಸ ಭಾಗ ಮೊದಲು ಗಾಜಿನಂತೆ ಪಾರದರ್ಶಕವಾಗಿ ಕಾಣುತ್ತದೆ. ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ ಅದು ಪರೋಪಜೀವಿ, ಅದಕ್ಕೆ ಬೇರೆ ಔಷಧಿ ಬೇಕು. ಹೊಟ್ಟೆ ಊದಿ ಹುರುಪೆಗಳು ಪೈನ್ ಕಾಯಿಯಂತೆ ಎದ್ದು ನಿಂತರೆ ಒಳಗಿನ ಅಂಗ ಕೆಟ್ಟಿರುವ ಲಕ್ಷಣ, ಆ ಹೊತ್ತಿಗೆ ಉಳಿಸುವುದು ಕಷ್ಟ.

ಸಾಕಲು ಆಗುತ್ತಿಲ್ಲ, ಕೆರೆಗೆ ಬಿಡಲಾ? ಬೇಡ. ಅದರ ಊರಲ್ಲದ ಕಡೆ ಬಿಟ್ಟರೆ ಅದೂ ಸಾಯಬಹುದು, ಇಲ್ಲವೇ ಅಲ್ಲಿನ ಮೀನುಗಳಿಗೆ ರೋಗ ಅಂಟಿಸಬಹುದು. ಅದರ ಊರಲ್ಲೇ ಬಿಟ್ಟರೂ ಕೇಡೇ. ಕಾಡಿನ ಬೆಟ್ಟಾ ಸ್ಪ್ಲೆಂಡೆನ್ಸ್ ಈಗ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸೇರಿದೆ. ಜೌಗು ಮುಚ್ಚಿಹೋಗುವುದು, ನೀರು ಕೆಡುವುದು ಒಂದು ಕಾರಣವಾದರೆ, ತಪ್ಪಿಸಿಕೊಂಡ ಸಾಕು ಫೈಟರ್‌ಗಳು ಕಾಡಿನವುಗಳ ಜೊತೆ ಬೆರೆತು ಮೂಲ ತಳಿ ಕಲಬೆರಕೆಯಾಗುವುದು ಇನ್ನೊಂದು. ಸಾಕಲು ಆಗದಿದ್ದರೆ ಟ್ಯಾಂಕ್, ಫಿಲ್ಟರ್, ಗಿಡ ಎಲ್ಲ ಸಮೇತ ಸಾಕಬಲ್ಲ ಇನ್ನೊಬ್ಬರಿಗೆ ಕೊಟ್ಟುಬಿಡಿ. ಸ್ಪಂಜನ್ನು ಒಣಗಲು ಬಿಡದೆ ಹಳೆ ನೀರಿನಲ್ಲೇ ಮುಳುಗಿಸಿ ಕಳಿಸಿ. ಹಾಗೆ ಮಾಡಿದರೆ ಅವರು ಆರು ವಾರ ಕಾಯಬೇಕಾಗುವುದಿಲ್ಲ.